ಬರೆದದ್ದು ಉಳಿಯಿತೆ?

‘ಉಳಿಸಲಾಯಿತು’ ಎಂದು ಗಣಕಯಂತ್ರವು ಹೇಳಿದ ಮರುಕ್ಷಣದಲ್ಲಿ ನಿಮ್ಮ ಬರಹವು ಡಿಸ್ಕಿನ ಮೇಲೆ ಇರಬೇಕೆಂದೇನೂ ಇಲ್ಲ. ಅರ್ಧ ನಿಮಿಷ ಕಳೆದರೂ ಇರದಿರಬಹುದು. ಆ ವಿಳಂಬವೇ ಯಂತ್ರದ ವೇಗದ ಗುಟ್ಟು. ವಿದ್ಯುತ್ತು ಹೋದ ಗಳಿಗೆಯಲ್ಲಿ ಅದೇ ತೀರಿಸಲಾಗದ ಸಾಲ.

2009ನೆಯ ಇಸವಿಯ ಜನವರಿ ತಿಂಗಳು. ಉಬುಂಟು ಎಂಬ ಲಿನಕ್ಸ್ ವಿತರಣೆಯ, ಇನ್ನೂ ಲೋಕದ ಕೈಗೆ ಬಾರದಿದ್ದ 9.04 ಆವೃತ್ತಿಯನ್ನು ಪರೀಕ್ಷಾರ್ಥವಾಗಿ ತನ್ನ ಯಂತ್ರದಲ್ಲಿ ಅಳವಡಿಸಿಕೊಂಡಿದ್ದ ಬಳಕೆದಾರನೊಬ್ಬನು, ಯಂತ್ರದ ಚಾಲನೆಯನ್ನು ಆರಂಭಿಸುವ ಬಯಾಸ್‌ನ ಕೆಲವು ಏರ್ಪಾಡುಗಳನ್ನು ಕುತೂಹಲದಿಂದ ಬದಲಿಸಿ, ತೆರೆಯು ಅರಳುವುದನ್ನೇ ನೋಡುತ್ತ ಕುಳಿತಿದ್ದಾಗ ಯಂತ್ರವು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು.

ಮತ್ತೆ ಚಾಲನೆಮಾಡಿದನು. ಯಂತ್ರವು ಏನೂ ಆಗದಂತೆ ಎದ್ದು ನಿಂತಿತು. ಕಡತಗಳ ಹೆಸರುಗಳು ಇದ್ದಲ್ಲಿಯೇ ಇದ್ದವು. ಆದರೆ ಹಿಂದಿನ ಬಾರಿ ಯಂತ್ರವು ನಡೆಯುತ್ತಿದ್ದಾಗ ಯಾವ ಯಾವ ತಂತ್ರಾಂಶವು ಯಾವ ಯಾವ ಕಡತವನ್ನು ಮುಟ್ಟಿತ್ತೋ ಅವುಗಳಲ್ಲಿ ಬಹುಪಾಲು, ತೆರೆದು ನೋಡಿದರೆ, ಒಂದಕ್ಷರವೂ ಇಲ್ಲದೆ ಬರಿದಾಗಿದ್ದವು. ಅಳತೆ: ಸೊನ್ನೆ.

ಆ ಯಂತ್ರದಲ್ಲಿದ್ದುದು ಇಎಕ್ಸ್‌ಟಿ4 ಎಂಬ ಹೊಸ ಕಡತವ್ಯವಸ್ಥೆ. 2008ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 2.6.28ರೊಂದಿಗೆ ಅದು ಸಾಮಾನ್ಯ ಬಳಕೆಗೆ ಯೋಗ್ಯವೆಂದು ಘೋಷಿತವಾಗಿ ಕೆಲವೇ ವಾರಗಳಾಗಿದ್ದವು. ದೂರು ಅದರ ಮುಖ್ಯ ನಿರ್ಮಾಪಕರಾದ ಥಿಯೊಡೋರ್ ತ್ಸೊ ಅವರವರೆಗೆ ಹೋಯಿತು. ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಕಡತವ್ಯವಸ್ಥೆಯು ನಿಯಮವನ್ನು ಮುರಿದಿಲ್ಲ; ಬರೆದುದನ್ನು ಕೂಡಲೇ ಡಿಸ್ಕಿಗೆ ಮುಟ್ಟಿಸೆಂದು ತಂತ್ರಾಂಶವು ಕೇಳಲಿಲ್ಲ, ಆದಕಾರಣ ಮುಟ್ಟಿಸಲಿಲ್ಲ.

ಲಿನಕ್ಸ್ ಪ್ರಪಂಚದಲ್ಲಿ ತಿಂಗಳುಗಟ್ಟಲೆ ನಡೆದ ವ್ಯಾಜ್ಯವೊಂದು ಹೀಗೆ ಹುಟ್ಟಿತು. ಮುಂಗಾರಿನ ಹೊಸ್ತಿಲಿನಲ್ಲಿ, ಸಂಜೆಯ ಗುಡುಗಿನೊಡನೆ ವಿದ್ಯುತ್ತೂ ಕಣ್ಮರೆಯಾಗುವ ಈ ದಿನಗಳಲ್ಲಿ ಅದನ್ನು ನೆನೆಯುವುದಕ್ಕೆ ಕಾರಣವುಂಟು. ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯನ್ನು ಜೋಡಿಸುತ್ತಿರುವವನಿಗೂ, ಪಂಚಾಯಿತಿ ಕಚೇರಿಯಲ್ಲಿ ಜಮಾಖರ್ಚನ್ನು ಗಣಕಕ್ಕೇರಿಸುತ್ತಿರುವವಳಿಗೂ, ಕೋಟ್ಯಂತರ ರೂಪಾಯಿಗಳ ಲೆಕ್ಕವಿಡುವ ಬ್ಯಾಂಕಿಗೂ ಈ ಪ್ರಶ್ನೆ ಒಂದೇ: ಬರೆದೆನೆಂದು ಯಂತ್ರವು ಹೇಳಿದಾಗ, ನಿಜವಾಗಿ ಎಲ್ಲಿ ಬರೆದಿರುತ್ತದೆ?

### ಅವಸರದ ಮೆಮೊರಿ, ಸಾವಧಾನದ ಡಿಸ್ಕು

1956ರಲ್ಲಿ ಐಬಿಎಂ ಸಂಸ್ಥೆಯು ಲೋಕಕ್ಕೆ ತೋರಿಸಿದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ, 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತಿನಂತೆ ತಿರುಗುತ್ತಿದ್ದವು. ಅಷ್ಟೆಲ್ಲ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದ ಆ ಭಾರೀ ಯಂತ್ರದಲ್ಲಿ, ಬೇಕಾದ ಒಂದು ಸ್ಥಳವನ್ನು ತಲಪುವುದಕ್ಕೆ ಅರ್ಧ ಸೆಕೆಂಡಿಗೂ ಮಿಗಿಲಾದ ಕಾಲವು ಹಿಡಿಯುತ್ತಿತ್ತು.

ಅಲ್ಲಿಂದೀಚೆಗೆ ಡಿಸ್ಕು ಬಹುದೂರ ಬಂದಿದೆ; ಆದರೆ ತಟ್ಟೆಯು ತಿರುಗಬೇಕು, ಓದಿ ಬರೆಯುವ ಮುಳ್ಳು ಚಲಿಸಬೇಕು ಎಂಬ ಭೌತಿಕ ನಿರ್ಬಂಧದಿಂದ ಅದು ಬಿಡಿಸಿಕೊಳ್ಳಲಿಲ್ಲ. ನಿಮಿಷಕ್ಕೆ 7200 ಬಾರಿ ತಿರುಗುವ ಡಿಸ್ಕಿನ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಇತ್ತ ಮೆಮೊರಿಯು ಒಂದು ಸಲದ ಕೆಲಸವನ್ನು ಸುಮಾರು 100 ನ್ಯಾನೊಸೆಕೆಂಡುಗಳಲ್ಲಿ ಮುಗಿಸಿಬಿಡುತ್ತದೆ. ಒಂದು ಇನ್ನೊಂದಕ್ಕಿಂತ ಲಕ್ಷಪಾಲಿನಷ್ಟು ಚುರುಕು. ಆ ಚುರುಕಿನದಕ್ಕೋ, ವಿದ್ಯುತ್ತು ಹೋದೊಡನೆ ಎಲ್ಲವೂ ಮರೆತುಹೋಗುತ್ತದೆ.

ಈ ಅಂತರವನ್ನು ನಿಭಾಯಿಸುವುದಕ್ಕೆ ಕಾರ್ಯಾಚರಣ ವ್ಯವಸ್ಥೆಗಳು ಕಂಡುಕೊಂಡ ಉಪಾಯವು ಸರಳವಾದುದು. ತಂತ್ರಾಂಶವು ಬರೆಯೆಂದುದನ್ನು ಮೆಮೊರಿಯಲ್ಲಿ ಇರಿಸಿಕೊಂಡು, ‘ಆಯಿತು’ ಎಂದು ಕೂಡಲೇ ಹೇಳಿಬಿಡುವುದು. ಡಿಸ್ಕಿಗೆ ಅದನ್ನು ಒಯ್ಯುವ ಕೆಲಸವನ್ನು ಅನುಕೂಲ ನೋಡಿ ಆಮೇಲೆ ಮಾಡುವುದು.

ಇದರಿಂದ ಬರುವ ಲಾಭವು ಅಲ್ಪವಲ್ಲ. ತಂತ್ರಾಂಶವು ಕಾಯಬೇಕಾಗಿಲ್ಲ. ಒಂದೇ ಸ್ಥಳವನ್ನು ಹತ್ತು ಬಾರಿ ತಿದ್ದಿದರೆ ಕೊನೆಯ ರೂಪವೊಂದನ್ನು ಮಾತ್ರ ಬರೆದರೆ ಸಾಕು. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅಳಿದುಹೋಗುವ ತಾತ್ಕಾಲಿಕ ಕಡತಗಳು ಡಿಸ್ಕಿನ ಮುಖವನ್ನೇ ನೋಡದೆ ಮುಗಿದುಹೋಗುತ್ತವೆ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ 30 ಸೆಕೆಂಡಿಗೊಮ್ಮೆ ಮೆಮೊರಿಯ ಬಾಕಿಯನ್ನೆಲ್ಲ ಡಿಸ್ಕಿಗೆ ಸಾಗಿಸುವ ಪುಟ್ಟ ಕಾರ್ಯಕ್ರಮವೊಂದು ಹಿನ್ನೆಲೆಯಲ್ಲಿ ನಡೆಯುತ್ತಿತ್ತು. ಲಿನಕ್ಸಿನಲ್ಲಿಯೂ, ಬೇರೆ ಏರ್ಪಾಡು ಮಾಡದಿದ್ದರೆ, ಬಾಕಿಯ ಬರಹವು ಹಳತಾಯಿತೆಂದು ಎಣಿಸಲ್ಪಡುವುದು 30 ಸೆಕೆಂಡುಗಳ ತರುವಾಯವೇ.

ಹಾಗೆ ಕಾಯಲಾರದವರಿಗೆ ಒಂದು ಬಾಗಿಲನ್ನು ತೆರೆದಿಡಲಾಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಹೊರಟ 4.2 ಬಿಎಸ್‌ಡಿ ಯುನಿಕ್ಸಿನಲ್ಲಿ ಎಫ್‌ಸಿಂಕ್ ಎಂಬ ಆಜ್ಞೆಯು ಮೊದಲು ಕಾಣಿಸಿಕೊಂಡಿತು. ಈ ಒಂದು ಕಡತದ ಬಾಕಿಯನ್ನೆಲ್ಲ ಈಗಲೇ ಡಿಸ್ಕಿಗೆ ಮುಟ್ಟಿಸು, ಮುಟ್ಟಿಸಿದ ಮೇಲೆಯೇ ನನಗೆ ಉತ್ತರ ಹೇಳು ಎಂಬುದು ಅದರ ಅರ್ಥ. ಅದನ್ನು ಹೇಳದವನಿಗೆ ವೇಗ, ಹೇಳಿದವನಿಗೆ ಭದ್ರತೆ. ಎರಡರ ನಡುವಿನ ವಿವಾದವೆಲ್ಲ ಈ ಪುಟ್ಟ ಆಜ್ಞೆಯ ಸುತ್ತಲೇ ನಡೆದಿದೆ.

> ಬರೆದುದು ಎಲ್ಲೆಲ್ಲಿ ತಂಗುತ್ತದೆ?
>
> 1. ತಂತ್ರಾಂಶದ ಸ್ವಂತ ಮೆಮೊರಿ: ತಂತ್ರಾಂಶವು ಕುಸಿದರೆ ಇಲ್ಲಿದ್ದುದು ನಷ್ಟ.
>
> 2. ಕಾರ್ಯಾಚರಣ ವ್ಯವಸ್ಥೆಯ ಕ್ಯಾಶ್ (ಬಾಕಿಯ ಬರಹವನ್ನು ಇರಿಸಿಕೊಳ್ಳುವ ಮೆಮೊರಿ): ತಂತ್ರಾಂಶವು ಕುಸಿದರೂ ಉಳಿಯುತ್ತದೆ, ಯಂತ್ರವೇ ನಿಂತರೆ ನಷ್ಟ.
>
> 3. ಡಿಸ್ಕಿನ ಒಳಗಿನ ಕ್ಯಾಶ್: ವಿದ್ಯುತ್ತು ಹೋದರೆ ಇಲ್ಲಿದ್ದುದೂ ಹೋಗಬಹುದು.
>
> 4. ತಟ್ಟೆ ಅಥವಾ ಫ್ಲ್ಯಾಶ್ ಚಿಪ್ಪು: ಇಲ್ಲಿಗೆ ಮುಟ್ಟಿದುದೇ ನಿಜವಾಗಿ ಉಳಿದುದು.

### ಅಂಜಿಕೆ ಬೆಳೆದ ಬಗೆ

ಸೊನ್ನೆ ಅಳತೆಯ ಕಡತಗಳ ಕಥೆಯನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ವರ್ಷದ ಕಥೆಯನ್ನು ಅರಿಯಬೇಕು.

2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬ್ರೌಸರು ಬಿಡುಗಡೆಯಾಯಿತು. ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಬಾರಿ ಇಳಿಸಿಕೊಳ್ಳಲ್ಪಟ್ಟು ಗಿನ್ನೆಸ್ ದಾಖಲೆಯನ್ನು ಪಡೆಯಿತು. ಬಳಕೆದಾರನು ನೋಡಿದ ಪುಟಗಳ ಚರಿತ್ರೆಯನ್ನೂ ಗುರುತಿಟ್ಟ ಪುಟಗಳನ್ನೂ ಅದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಇಡುತ್ತಿತ್ತು. ಬರೆದುದು ಕೆಡಬಾರದೆಂಬ ವ್ರತವನ್ನು ತೊಟ್ಟಿದ್ದ ಆ ಡೇಟಾಬೇಸು, ಪ್ರತಿಯೊಂದು ಬದಲಾವಣೆಗೂ ಎಫ್‌ಸಿಂಕ್ ಆಜ್ಞೆಯನ್ನು ಹೊರಡಿಸುತ್ತಿತ್ತು.

ಅಂದಿನ ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಇದ್ದ ಕಡತವ್ಯವಸ್ಥೆ ಇಎಕ್ಸ್‌ಟಿ3. ಅದರ ಸಾಮಾನ್ಯ ಏರ್ಪಾಡಿನ ಒಂದು ವೈಚಿತ್ರ್ಯವೆಂದರೆ, ಒಂದು ಕಡತವನ್ನು ಮಾತ್ರ ಡಿಸ್ಕಿಗೆ ಮುಟ್ಟಿಸೆಂದು ಕೇಳಿದರೂ, ಬೇರೆ ತಂತ್ರಾಂಶಗಳು ಹೊಸದಾಗಿ ಬರೆದ ಬಾಕಿಯನ್ನೂ ಅದರೊಡನೆ ಸಾಗಿಸದೆ ಅದಕ್ಕೆ ಗತ್ಯಂತರವಿರಲಿಲ್ಲ. ಹಿನ್ನೆಲೆಯಲ್ಲಿ ದೊಡ್ಡದೊಂದು ಕಡತವು ನಕಲಾಗುತ್ತಿರುವಾಗ ಬ್ರೌಸರಿನಲ್ಲಿ ಒಂದು ಕೊಂಡಿಯನ್ನು ಒತ್ತಿದರೆ, ಆ ದೊಡ್ಡ ಕಡತದ ಬಾಕಿಯೆಲ್ಲ ಡಿಸ್ಕನ್ನು ತಲಪುವವರೆಗೆ ಬ್ರೌಸರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಬಿಡುಗಡೆಗೆ ಮೊದಲೇ, ಪರೀಕ್ಷೆಯ ಆವೃತ್ತಿಗಳಲ್ಲಿ ಈ ತೊಡಕು ಬೆಳಕಿಗೆ ಬಂದಿತು. ಬ್ರೌಸರು ಹಲವು ಸೆಕೆಂಡುಗಳ ಕಾಲ ಮರವಟ್ಟು ನಿಲ್ಲುತ್ತಿದೆಯೆಂಬ ಆಕ್ಷೇಪಣೆಗಳು ಎದ್ದವು. ಎಫ್‌ಸಿಂಕ್ ಕರೆಗಳನ್ನು ಕಡಿಮೆಮಾಡುವ ಕೆಲಸವನ್ನು ನಿರ್ಮಾಪಕರು ಕೈಗೊಂಡರು. ಆದರೆ ತೊಡಕು ಸಡಿಲಿದ ಮೇಲೂ ಅದು ಕಲಿಸಿದ ಪಾಠವು ನಿಂತಿತು: ಎಫ್‌ಸಿಂಕ್ ದುಬಾರಿ, ಅದರ ಸಹವಾಸ ಬೇಡ.

ಇಎಕ್ಸ್‌ಟಿ3 ಆ ಅಂಜಿಕೆಗೆ ಇನ್ನೊಂದು ಬಗೆಯಲ್ಲಿಯೂ ನೀರೆರೆಯಿತು. 5 ಸೆಕೆಂಡಿಗೊಮ್ಮೆ, ಬದಲಾವಣೆಗಳನ್ನು ಮೊದಲು ದಾಖಲಿಸುವ ತನ್ನ ಜರ್ನಲನ್ನು ಮುಚ್ಚುವಾಗ ಕಡತದ ಒಡಲನ್ನು ಮೊದಲು ಬರೆದು, ಅನಂತರವೇ ಅದರ ಹೆಸರು, ಅಳತೆ, ಸ್ಥಳ ಮೊದಲಾದ ವಿವರಗಳನ್ನು ಬರೆಯುವುದು ಅದರ ವಾಡಿಕೆಯಾಗಿತ್ತಾದ್ದರಿಂದ, ಎಫ್‌ಸಿಂಕ್ ಹೇಳದ ತಂತ್ರಾಂಶಗಳೂ ಬಹುಪಾಲು ಸುರಕ್ಷಿತವಾಗಿಯೇ ಬಾಳುತ್ತಿದ್ದವು. ಯಾರೂ ವಾಗ್ದಾನ ಮಾಡದಿದ್ದ ಆ ಸುರಕ್ಷಿತತೆಯನ್ನು ಎಲ್ಲರೂ ತಮ್ಮ ಹಕ್ಕೆಂದು ಭಾವಿಸಿಕೊಂಡರು.

### ಹೆಸರು ಬಂದಿತು, ಒಡಲು ಬರಲಿಲ್ಲ

ಕಡತವೊಂದನ್ನು ಹೊಸದು ಮಾಡುವುದಕ್ಕೆ ತಂತ್ರಾಂಶಗಳು ಸಾಮಾನ್ಯವಾಗಿ ಎರಡು ಮಾರ್ಗಗಳನ್ನು ಅನುಸರಿಸುತ್ತವೆ. ಹಳೆಯದನ್ನೇ ತೆರೆದು, ಒಳಗಿದ್ದುದನ್ನು ಅಳಿಸಿ, ಹೊಸದನ್ನು ಬರೆಯುವುದು ಮೊದಲನೆಯದು. ಅಳಿಸುವುದಕ್ಕೂ ಬರೆಯುವುದಕ್ಕೂ ನಡುವೆ ಯಂತ್ರವು ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಎರಡನೆಯದು ವಿವೇಕಿಗಳ ಮಾರ್ಗ. ಹೊಸ ಬರಹವನ್ನು ಬೇರೊಂದು ಹೆಸರಿನ ಕಡತದಲ್ಲಿ ಬರೆದು, ಬರೆದು ಮುಗಿದ ಮೇಲೆ ಅದಕ್ಕೆ ಹಳೆಯ ಕಡತದ ಹೆಸರನ್ನು ಇಡುವುದು. ಮರುನಾಮಕರಣವು ಆದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಆಗುವುದೇ ಇಲ್ಲ; ಆದ್ದರಿಂದ ಯಾವ ಕ್ಷಣದಲ್ಲಿ ಯಂತ್ರವು ಬಿದ್ದರೂ ಹಳೆಯದೋ ಹೊಸದೋ ಒಂದು ಇಡಿಯಾಗಿ ಸಿಕ್ಕೇ ಸಿಗುತ್ತದೆ ಎಂಬುದು ಅವರ ನಂಬಿಕೆ.

ಇಎಕ್ಸ್‌ಟಿ4 ಆ ನಂಬಿಕೆಯ ಬುಡವನ್ನು ಅಲುಗಿಸಿತು. ವಿಳಂಬಿತ ಹಂಚಿಕೆ ಎಂಬ ತಂತ್ರವನ್ನು ಅದು ಅಳವಡಿಸಿಕೊಂಡಿತ್ತು: ಬರೆದ ಬರಹಕ್ಕೆ ಡಿಸ್ಕಿನಲ್ಲಿ ಸ್ಥಳವನ್ನು ಕೂಡಲೇ ಗೊತ್ತುಮಾಡದೆ, ಕಡತವು ಎಷ್ಟು ದೊಡ್ಡದಾಗುವುದೆಂಬುದು ತಿಳಿಯುವವರೆಗೂ ಕಾದು, ಆ ಬಳಿಕ ಒಂದೇ ಕಡೆಯಲ್ಲಿ ಅಖಂಡವಾದ ಜಾಗವನ್ನು ಹುಡುಕಿ ಕೊಡುವುದು. ಕಡತಗಳು ಚೂರುಚೂರಾಗಿ ಹರಡುವುದು ಇದರಿಂದ ತಪ್ಪುತ್ತದೆ. ಬರೆಯುವುದೂ ಓದುವುದೂ ಚುರುಕಾಗುತ್ತವೆ. ಇದೇನೂ ಅದರ ಸ್ವಂತ ಆವಿಷ್ಕಾರವಲ್ಲ. ಎಕ್ಸ್‌ಎಫ್‌ಎಸ್ ಮೊದಲಾದ ವ್ಯವಸ್ಥೆಗಳಲ್ಲಿ ಅದು ಮೊದಲಿನಿಂದಲೂ ಇದ್ದಿತು.

ಆದರೆ ಹೆಸರಿನ ಬದಲಾವಣೆಯು 5 ಸೆಕೆಂಡುಗಳೊಳಗೆ ಡಿಸ್ಕನ್ನು ತಲಪುತ್ತಿದ್ದರೆ, ಕಡತದ ಒಡಲು 30 ಸೆಕೆಂಡುಗಳಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಮೆಮೊರಿಯಲ್ಲಿಯೇ ಉಳಿಯುತ್ತಿತ್ತು. ಈ ನಡುವಣ ಅವಕಾಶದಲ್ಲಿ ಯಂತ್ರವು ಬಿದ್ದರೆ, ಹಳೆಯ ಕಡತದ ಹೆಸರು ಹೊಸ ಕಡತಕ್ಕೆ ಬಂದಾಗಿದೆ; ಹೊಸ ಕಡತಕ್ಕೆ ಒಡಲೇ ಇಲ್ಲ. ಪರೀಕ್ಷಕನು ಕಂಡ ಸೊನ್ನೆಗೆ ಕಾರಣವು ಇದು.

### ತಪ್ಪು ಯಾರದು?

ತ್ಸೊ ಅವರ ವಾದದಲ್ಲಿ ತರ್ಕದ ಕೊರತೆ ಇರಲಿಲ್ಲ. ಪೋಸಿಕ್ಸ್ ಎಂಬ ಯುನಿಕ್ಸ್ ಮಾನಕದಲ್ಲಿ, ಯಂತ್ರವು ಕುಸಿದುಬಿದ್ದ ಮೇಲೆ ಏನು ಉಳಿದಿರಬೇಕೆಂಬ ವಿಷಯಕ್ಕೆ ಎಫ್‌ಸಿಂಕ್ ಒಂದನ್ನು ಬಿಟ್ಟರೆ ಭರವಸೆಯೇ ಇಲ್ಲ. ತೆರೆಯು ಅರಳುವಷ್ಟರಲ್ಲಿ ನೂರಾರು ಪುಟ್ಟ ಕಡತಗಳನ್ನು ಬರೆಯುವ ತಂತ್ರಾಂಶಗಳು, ಅವುಗಳ ಬದಲು ಒಂದು ಪುಟ್ಟ ಡೇಟಾಬೇಸನ್ನು ಬಳಸಲಿ ಎಂದು ಅವರು ಹೇಳಿದರು. ಎಫ್‌ಸಿಂಕ್‌ಗೆ ಹೆದರಬೇಡಿರೆಂದು 2009ರ ಮಾರ್ಚಿನಲ್ಲಿ ಲೇಖನವೊಂದನ್ನೇ ಬರೆದರು; ಇಎಕ್ಸ್‌ಟಿ4ರಲ್ಲಿ ಅದು ಹಿಂದಿನಷ್ಟು ದುಬಾರಿಯಲ್ಲವೆಂದು ವಿವರಿಸಿದರು.

ಎದುರು ಪಕ್ಷದಲ್ಲಿಯೂ ಬಲವಿತ್ತು. ಹೋದ ವರ್ಷ ಎಫ್‌ಸಿಂಕ್ ಹೇಳಿದ್ದಕ್ಕೆ ಬೈಸಿಕೊಂಡೆವು, ಈ ವರ್ಷ ಹೇಳದಿದ್ದುದಕ್ಕೆ ಬೈಸಿಕೊಳ್ಳುತ್ತಿದ್ದೇವೆ ಎಂದು ತಂತ್ರಾಂಶ ಬರೆಯುವವರಿಗೆ ಅನಿಸಿದ್ದರೆ ಅದು ಅನ್ಯಾಯವಾಗಿರಲಿಲ್ಲ. ಲಿನಕ್ಸಿನ ಜನಕರಾದ ಲೈನಸ್ ಟೋರ್ವಾಲ್ಡ್ಸ್ ಕೂಡ, ಒಡಲು ಇನ್ನೂ ಬಾರದಿರುವಾಗ ವಿವರಗಳನ್ನು ಮುಂದಾಗಿ ಬರೆಯುವುದೇ ಅವಿವೇಕವೆಂಬ ನಿಲುವನ್ನು ತಳೆದರು.

ಕೊನೆಗೆ ರಾಜಿಯಾಯಿತು. 2009ರ ಜೂನಿನಲ್ಲಿ ಹೊರಬಂದ ಲಿನಕ್ಸ್ 2.6.30ರಿಂದ, ಒಂದು ಕಡತದ ಹೆಸರನ್ನು ಇನ್ನೊಂದರ ಮೇಲೆ ಇಡುವಾಗಲೂ, ಹಳೆಯದನ್ನು ಬರಿದುಮಾಡಿ ಹೊಸದನ್ನು ಬರೆದು ಮುಚ್ಚುವಾಗಲೂ, ಇಎಕ್ಸ್‌ಟಿ4 ತಾನಾಗಿಯೇ ಒಡಲನ್ನು ಬೇಗನೆ ಸಾಗಿಸುವಂತೆ ಮಾಡಲಾಯಿತು. ನಿಯಮವು ಬೇಡದಿದ್ದರೂ ರೂಢಿಗೆ ಮನ್ನಣೆ ದೊರೆಯಿತು.

ಈ ವ್ಯಾಜ್ಯದ ಎರಡು ಪಕ್ಷಗಳೂ ಗಮನಿಸಬೇಕಾಗಿದ್ದ ಸಂಗತಿಯೊಂದುಂಟು. ಪುಟ್ಟ ಏರ್ಪಾಡಿನ ಕಡತವೊಂದನ್ನು ಬರೆಯುತ್ತಿದ್ದ ತಂತ್ರಾಂಶಕ್ಕೆ ಹೊಸ ಬರಹವು ಈ ಕ್ಷಣವೇ ಡಿಸ್ಕನ್ನು ಮುಟ್ಟಬೇಕೆಂಬ ಅವಸರವಿರಲಿಲ್ಲ. ಅರ್ಧ ನಿಮಿಷದ ಹಿಂದಿನ ಹಳೆಯ ರೂಪವೇ ಉಳಿದಿದ್ದರೂ ಯಾರೂ ಅಳುತ್ತಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಕ್ರಮ ಮಾತ್ರ: ಒಡಲು ಮೊದಲು, ಹೆಸರು ಆಮೇಲೆ, ಇವೆರಡೂ ಬೇಕಾದಾಗ ನಡೆಯಲಿ.

ಕ್ರಮವು ಬಹಳ ಅಗ್ಗ. ತಕ್ಷಣತೆಯು ಬಹಳ ದುಬಾರಿ. ಆದರೆ ವ್ಯವಸ್ಥೆಯು ತಂತ್ರಾಂಶದ ಕೈಗೆ ಕೊಟ್ಟಿದ್ದ ಉಪಕರಣವು ಒಂದೇ ಆಗಿತ್ತು. ಅಗ್ಗದ್ದನ್ನು ಬಯಸಿದವನೂ ದುಬಾರಿಯದಕ್ಕೆ ಬೆಲೆ ತೆರಬೇಕಾಗಿತ್ತು. ವೇಗ ಮತ್ತು ಭದ್ರತೆಗಳ ನಡುವಿನ ವೈರವೆಂದು ನಾವು ಕರೆಯುವುದರಲ್ಲಿ ಒಂದು ದೊಡ್ಡ ಪಾಲು ಈ ಕೊರತೆಯಿಂದ ಹುಟ್ಟಿದುದು.

ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಈ ಎರಡನ್ನೂ ಬೇರ್ಪಡಿಸಿ, ಕ್ರಮಕ್ಕೆ ಒಂದು ಆಜ್ಞೆ, ಉಳಿವಿಗೆ ಇನ್ನೊಂದು ಆಜ್ಞೆ ಎಂಬ ವಿನ್ಯಾಸವನ್ನು ಮುಂದಿಟ್ಟರು. ಮರುವರ್ಷ ಅದೇ ವಿಶ್ವವಿದ್ಯಾನಿಲಯದ ಮತ್ತೊಂದು ಅಧ್ಯಯನವು, ಗಿಟ್, ಪೋಸ್ಟ್‌ಗ್ರೆಸ್, ಲೆವೆಲ್‌ಡಿಬಿ ಮೊದಲಾದ 11 ಪ್ರಸಿದ್ಧ ತಂತ್ರಾಂಶಗಳನ್ನು ಪರೀಕ್ಷಿಸಿ, ಯಂತ್ರವು ಕುಸಿದಾಗ ಕೆಡಬಹುದಾದ 60 ದುರ್ಬಲ ಸ್ಥಾನಗಳನ್ನು ಗುರುತಿಸಿತು. ನಿಪುಣರು ಬರೆದ ತಂತ್ರಾಂಶಗಳಲ್ಲಿಯೇ ಹೀಗಾದರೆ, ದೋಷವನ್ನೆಲ್ಲ ಬರೆಯುವವರ ಅಜಾಗರೂಕತೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಉಚಿತವಾಗಲಾರದು.

> ಕಡತವನ್ನು ಸುರಕ್ಷಿತವಾಗಿ ಹೊಸದು ಮಾಡುವ ಕ್ರಮ
>
> • ಹೊಸ ಬರಹವನ್ನು ಅದೇ ಫೋಲ್ಡರಿನಲ್ಲಿ ಬೇರೊಂದು ಹೆಸರಿನಿಂದ ಬರೆಯಿರಿ.
>
> • ಆ ಕಡತಕ್ಕೆ ಎಫ್‌ಸಿಂಕ್ ಹೇಳಿ, ಅದರ ಉತ್ತರವನ್ನು ತಪ್ಪದೆ ಪರೀಕ್ಷಿಸಿರಿ.
>
> • ಹಳೆಯ ಕಡತದ ಹೆಸರನ್ನು ಹೊಸದಕ್ಕೆ ಇಡಿರಿ.
>
> • ಫೋಲ್ಡರಿಗೂ ಎಫ್‌ಸಿಂಕ್ ಹೇಳಿರಿ. ಹೆಸರು ಇರುವುದು ಅಲ್ಲಿ.

### ಮೊದಲು ಕಿರ್ದಿ, ಆಮೇಲೆ ಖಾತೆ

ತಕ್ಷಣತೆಯೇ ಬೇಕಾದವರ ಮಾತು ಬೇರೆ. ಬ್ಯಾಂಕು ‘ಹಣ ಸಂದಾಯವಾಯಿತು’ ಎಂದು ಹೇಳಿದ ಮೇಲೆ ಅರ್ಧ ನಿಮಿಷದ ಹಿಂದಿನ ಲೆಕ್ಕಕ್ಕೆ ಮರಳುವಂತಿಲ್ಲ. ಇಂತಹವರಿಗಾಗಿ ಡೇಟಾಬೇಸಿನ ಆಚಾರ್ಯರು ರೂಪಿಸಿದ ಪದ್ಧತಿಯು ನಮ್ಮ ಪೇಟೆಯ ಹಳೆಯ ಮಂಡಿಗಳ ಪದ್ಧತಿಯೇ ಆಗಿದೆ. ಗುಮಾಸ್ತನು ದಿನದ ವ್ಯವಹಾರಗಳನ್ನು ನಡೆದ ಹಾಗೆ, ನಡೆದ ಕ್ರಮದಲ್ಲಿ, ಕಿರ್ದಿಯಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋಗುತ್ತಾನೆ. ಒಬ್ಬೊಬ್ಬನ ಖಾತೆಗೂ ಅದನ್ನು ಏರಿಸುವ ಕೆಲಸವು ವಿರಾಮದಲ್ಲಿ ನಡೆಯುತ್ತದೆ. ಖಾತೆಯ ಪುಟವು ಕೆಟ್ಟರೂ ಕಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು.

ಇದರ ಜಾಣ್ಮೆಯು ಭದ್ರತೆಯಲ್ಲಿ ಮಾತ್ರವಲ್ಲ, ವೇಗದಲ್ಲಿಯೂ ಇದೆ. ಹತ್ತು ಖಾತೆಗಳ ಹತ್ತು ಪುಟಗಳು ಡಿಸ್ಕಿನ ಹತ್ತು ಮೂಲೆಗಳಲ್ಲಿರುತ್ತವೆ. ಅವುಗಳನ್ನೆಲ್ಲ ಮುಟ್ಟುವುದು ನಿಧಾನ. ಡೇಟಾಬೇಸಿನ ಕಿರ್ದಿಯಾದ, ಮುಂಗಡ ದಾಖಲೆಯೆಂದು ಹೇಳಬಹುದಾದ ಜರ್ನಲು ಬೆಳೆಯುವುದು ತನ್ನ ಕೊನೆಯಲ್ಲಿ ಮಾತ್ರ. ಅದೊಂದಕ್ಕೆ ಎಫ್‌ಸಿಂಕ್ ಹೇಳಿದರೆ ಸಾಕು, ಬಾಕಿಯದು ನಿಧಾನವಾಗಿ ಸಾಗಬಹುದು.

1970ರ ದಶಕದಲ್ಲಿ ಐಬಿಎಂನಲ್ಲಿದ್ದು ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಜಿಮ್ ಗ್ರೇ ಅಗ್ರಗಣ್ಯರು. 1998ರ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ಸಂದಿತು. ಮದ್ರಾಸಿನ ಐಐಟಿಯಲ್ಲಿ ಓದಿ ಕ್ಯಾಲಿಫೋರ್ನಿಯಾದ ಐಬಿಎಂ ಸಂಶೋಧನಾಲಯವನ್ನು ಸೇರಿದ ಸಿ. ಮೋಹನ್ ಅವರು ಸಂಗಡಿಗರೊಡನೆ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನವು, ಕುಸಿದ ಡೇಟಾಬೇಸನ್ನು ಜರ್ನಲಿನ ಆಧಾರದಿಂದ ಪುನಃ ಎಬ್ಬಿಸುವ ಬಗೆಯನ್ನು ಸಾಂಗವಾಗಿ ನಿರೂಪಿಸಿತು. ಇಂದಿನ ದೊಡ್ಡ ಡೇಟಾಬೇಸುಗಳಲ್ಲಿ ಅದರ ಋಣವಿಲ್ಲದವು ವಿರಳ.

ಇನ್ನೊಂದು ಯುಕ್ತಿಯೂ ಉಂಟು. ನಿಮಿಷಕ್ಕೆ 7200 ಸುತ್ತುವ ಡಿಸ್ಕು ಸೆಕೆಂಡಿಗೆ 120 ಬಾರಿ ತಿರುಗುತ್ತದೆ. ಒಂದೊಂದು ವ್ಯವಹಾರಕ್ಕೂ ಜರ್ನಲಿನ ಕೊನೆಯು ಮುಳ್ಳಿನಡಿಗೆ ಬರುವುದನ್ನು ಕಾಯುವುದಾದರೆ, ಸೆಕೆಂಡಿಗೆ ನೂರಿಪ್ಪತ್ತಕ್ಕಿಂತ ಹೆಚ್ಚಿನ ವ್ಯವಹಾರಗಳು ಸಾಧ್ಯವಿಲ್ಲ. ಆದರೆ ಒಂದೇ ಕಾಲದಲ್ಲಿ ಬಂದ ಹಲವರ ವ್ಯವಹಾರಗಳನ್ನು ಕೂಡಿಸಿ ಒಂದೇ ಎಫ್‌ಸಿಂಕ್‌ನಲ್ಲಿ ಬರೆದರೆ, ಅದೇ ಒಂದು ಸುತ್ತಿನ ವೆಚ್ಚದಲ್ಲಿ ಎಲ್ಲರಿಗೂ ನಿಜವಾದ ಭರವಸೆಯನ್ನು ಕೊಡಬಹುದು. ಪ್ರತಿಯೊಬ್ಬನೂ ಕೆಲವು ಮಿಲಿಸೆಕೆಂಡು ಹೆಚ್ಚು ಕಾಯುತ್ತಾನೆ. ಒಟ್ಟಿನ ಕೆಲಸವು ಹತ್ತಾರು ಮಡಿ ಹೆಚ್ಚುತ್ತದೆ.

ಎಸ್‌ಕ್ಯೂಲೈಟ್‌ನ ಕರ್ತೃವಾದ ರಿಚರ್ಡ್ ಹಿಪ್ ಮತ್ತು ಸಂಗಡಿಗರು ತಮ್ಮ ಬಳಕೆದಾರರಿಗೆ ಕೊಡುವ ವಿವರಣೆಯಲ್ಲಿ ಈ ವ್ಯತ್ಯಾಸವು ಕಣ್ಣಿಗೆ ಹೊಡೆಯುವಂತಿದೆ: ಸಾಮಾನ್ಯ ಯಂತ್ರದಲ್ಲಿ ಸೆಕೆಂಡಿಗೆ 50,000 ಸಾಲುಗಳನ್ನು ಸೇರಿಸುವುದು ಸುಲಭ, ಆದರೆ ಒಂದೊಂದು ಸಾಲನ್ನೂ ಪ್ರತ್ಯೇಕ ವ್ಯವಹಾರವಾಗಿಸಿದರೆ, ತಿರುಗುವ ಡಿಸ್ಕಿನಲ್ಲಿ ಸೆಕೆಂಡಿಗೆ ಕೆಲವು ಡಜನ್ನಿಗಿಂತ ಹೆಚ್ಚು ಆಗುವುದಿಲ್ಲ. ತಂತ್ರಾಂಶವು ನಿಧಾನವೆಂದು ದೂರುವ ಎಷ್ಟೋ ಮಂದಿಗೆ ಬೇಕಾಗಿರುವುದು ವೇಗದ ಡಿಸ್ಕಲ್ಲ, ವ್ಯವಹಾರಗಳನ್ನು ಒಟ್ಟುಗೂಡಿಸುವ ವಿವೇಕ.

### ಕೆಳಗಿನವರು ಸುಳ್ಳಾಡಿದರೆ

ಎಫ್‌ಸಿಂಕ್ ಹೇಳಿದವನೂ ನಿಶ್ಚಿಂತನಾಗಿರುವಂತಿಲ್ಲ. ಡಿಸ್ಕಿನ ಒಳಗೂ ಒಂದು ಕ್ಯಾಶ್ ಉಂಟು. ಅಲ್ಲಿಗೆ ತಲಪಿದೊಡನೆಯೇ ‘ಮುಟ್ಟಿತು’ ಎಂದು ಹೇಳಿಬಿಡುವುದು ಅದಕ್ಕೆ ಸುಲಭ. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಸಾಮಾನ್ಯವಾದ ಎಫ್‌ಸಿಂಕ್ ಬರಹವನ್ನು ಡಿಸ್ಕಿಗೆ ಕಳುಹಿಸುತ್ತದೆಯೇ ಹೊರತು, ಡಿಸ್ಕು ತನ್ನ ಕ್ಯಾಶನ್ನು ಬರಿದುಮಾಡಲಿ ಎಂದು ಒತ್ತಾಯಿಸುವುದಿಲ್ಲ. ಅದಕ್ಕೆ ಎಫ್‌-ಫುಲ್‌ಎಫ್‌ಸಿಂಕ್ ಎಂಬ ಬೇರೊಂದು ಆಜ್ಞೆಯನ್ನು ಬಳಸಬೇಕೆಂದು ಆ ಸಂಸ್ಥೆಯ ಕೈಪಿಡಿಯೇ ತಿಳಿಸುತ್ತದೆ.

ತಟ್ಟೆಗಳಿಲ್ಲದ ಎಸ್‌ಎಸ್‌ಡಿಗಳು ಬಂದುದರಿಂದ ಕಾಯುವ ಕಾಲವು ಕುಗ್ಗಿತು, ಚಿಂತೆ ಕುಗ್ಗಲಿಲ್ಲ. ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರು 15 ಎಸ್‌ಎಸ್‌ಡಿಗಳಿಗೆ ಬೇಕೆಂದೇ ವಿದ್ಯುತ್ತನ್ನು ಕಡಿದು ನೋಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 13 ಸಾಧನಗಳು ಒಂದಲ್ಲ ಒಂದು ಬಗೆಯಾಗಿ ತಪ್ಪಿನಡೆದಿದ್ದವು: ಕೆಲವು ಅರ್ಧ ಬರೆದು ಬಿಟ್ಟಿದ್ದವು, ಕೆಲವು ಕ್ರಮ ತಪ್ಪಿಸಿದ್ದವು, ಕೆಲವು ಇದ್ದುದನ್ನೂ ಕೆಡಿಸಿದ್ದವು. ದೊಡ್ಡ ಸರ್ವರುಗಳಿಗೆಂದು ಮಾರುವ ಎಸ್‌ಎಸ್‌ಡಿಗಳಲ್ಲಿ ಕೆಪ್ಯಾಸಿಟರುಗಳನ್ನು ಕೂಡಿಸುವುದು ಇದಕ್ಕಾಗಿಯೇ. ವಿದ್ಯುತ್ತು ಹೋದರೂ, ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಅವು ಹಿಡಿದಿಟ್ಟಿರುತ್ತವೆ.

ಇದೆಲ್ಲಕ್ಕಿಂತ ಕಳವಳಕಾರಿಯಾದುದು 2018ರಲ್ಲಿ ಬಯಲಿಗೆ ಬಂದಿತು. ಡೇಟಾಬೇಸುಗಳಲ್ಲಿ ಅತ್ಯಂತ ನೇಮನಿಷ್ಠವಾದುದೆಂದು ಹೆಸರಾದ ಪೋಸ್ಟ್‌ಗ್ರೆಸ್, ಎಫ್‌ಸಿಂಕ್ ವಿಫಲವಾದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೇಳಿ ನೋಡುತ್ತಿತ್ತು. ಮೊದಲ ಬಾರಿ ಸಾಗದ ಬರಹವು ಮೆಮೊರಿಯಲ್ಲಿ ಇನ್ನೂ ಬಾಕಿಯಾಗಿಯೇ ಇರುವುದೆಂಬುದು ಅದರ ಎಣಿಕೆ. ಲಿನಕ್ಸಾದರೋ, ವೈಫಲ್ಯವನ್ನು ಒಮ್ಮೆ ತಿಳಿಸಿ, ಆ ಬರಹಕ್ಕೆ ಬಾಕಿಯಿಲ್ಲವೆಂಬ ಗುರುತನ್ನು ಹಾಕಿಬಿಡುತ್ತಿತ್ತು. ಎರಡನೆಯ ಎಫ್‌ಸಿಂಕ್‌ಗೆ ‘ಆಯಿತು’ ಎಂಬ ಉತ್ತರ ಬರುತ್ತಿತ್ತು. ಬರಹವು ಎಲ್ಲಿಯೂ ಇರುತ್ತಿರಲಿಲ್ಲ.

ಸುಮಾರು 20 ವರ್ಷಗಳಿಂದ ನಂಬಿಕೊಂಡು ಬಂದಿದ್ದ ಎಣಿಕೆಯು ಹೀಗೆ ಸುಳ್ಳಾಯಿತು. 2019ರ ಫೆಬ್ರುವರಿಯ ಪರಿಷ್ಕರಣದಲ್ಲಿ ಪೋಸ್ಟ್‌ಗ್ರೆಸ್ಸಿನವರು ಕಠಿಣವಾದ ನಿರ್ಣಯವನ್ನು ಕೈಗೊಂಡರು: ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕೇಳುವುದಿಲ್ಲ, ಡೇಟಾಬೇಸು ತಾನೇ ತನ್ನನ್ನು ಕೆಡವಿಕೊಂಡು ಜರ್ನಲಿನಿಂದ ಪುನಃ ಏಳುತ್ತದೆ. ಸುಳ್ಳು ಭರವಸೆಯ ಮೇಲೆ ಮುಂದುವರಿಯುವುದಕ್ಕಿಂತ ಬಿದ್ದು ಏಳುವುದು ಮೇಲೆಂದು ಅವರು ಬಗೆದರು.

> ಕಾಲದ ಅಳತೆಗಳು
>
> 100 ನ್ಯಾನೊಸೆಕೆಂಡು: ಮೆಮೊರಿಯನ್ನು ಒಮ್ಮೆ ಮುಟ್ಟುವುದಕ್ಕೆ, ಸುಮಾರಾಗಿ.
>
> 8.3 ಮಿಲಿಸೆಕೆಂಡು: 7200 ಸುತ್ತಿನ ಡಿಸ್ಕಿನ ಒಂದು ಸುತ್ತು.
>
> 1 ಸೆಕೆಂಡು: ರೆಡಿಸ್ ಡೇಟಾಬೇಸಿನ ಜರ್ನಲಿನಲ್ಲಿ ಎರಡು ಎಫ್‌ಸಿಂಕ್‌ಗಳ ನಡುವಣ ಸಾಮಾನ್ಯ ಅಂತರ.
>
> 5 ಸೆಕೆಂಡು: ಇಎಕ್ಸ್‌ಟಿ3, ಇಎಕ್ಸ್‌ಟಿ4 ತಮ್ಮ ಜರ್ನಲನ್ನು ಮುಚ್ಚುವ ಅವಧಿ.
>
> 30 ಸೆಕೆಂಡು: ಬಾಕಿಯ ಬರಹವು ಹಳತಾಯಿತೆಂದು ಲಿನಕ್ಸ್ ಎಣಿಸುವ ಅವಧಿ.

### ಎಷ್ಟು ಸೆಕೆಂಡುಗಳ ನಷ್ಟ?

ಇಷ್ಟನ್ನೆಲ್ಲ ನೋಡಿದವನು ಎಲ್ಲ ಬರಹಕ್ಕೂ ಎಫ್‌ಸಿಂಕ್ ಹೇಳಿಬಿಡೋಣವೆಂದರೆ ಅದೂ ವಿವೇಕವಾಗುವುದಿಲ್ಲ. ಬ್ರೌಸರು ಕೊನೆಯಲ್ಲಿ ತೆರೆದ ಪುಟದ ವಿಳಾಸಕ್ಕೂ ಗ್ರಾಹಕನ ಠೇವಣಿಯ ಮೊತ್ತಕ್ಕೂ ಒಂದೇ ಕಾವಲು ಬೇಕಿಲ್ಲ. ಮತ್ತೆ ಲೆಕ್ಕಹಾಕಿ ಪಡೆಯಬಹುದಾದುದು ಒಂದು ಬಗೆ, ಮತ್ತೆ ಕೇಳಿ ಪಡೆಯಬಹುದಾದುದು ಇನ್ನೊಂದು ಬಗೆ, ಹೋದರೆ ಮರಳಿ ಬಾರದುದು ಮೂರನೆಯ ಬಗೆ. ಈ ವಿಂಗಡಣೆಯನ್ನು ಮಾಡದೆ ಡಿಸ್ಕನ್ನೋ ಕಡತವ್ಯವಸ್ಥೆಯನ್ನೋ ದೂರುವುದರಿಂದ ಪ್ರಯೋಜನವಿಲ್ಲ.

ಬಾಳಿಕೆ ಬಂದಿರುವ ತಂತ್ರಾಂಶಗಳು ಈ ವಿಂಗಡಣೆಯನ್ನು ಬಳಕೆದಾರನ ಕೈಗೇ ಕೊಟ್ಟಿವೆ. ಸಾಲ್ವತೋರೆ ಸಾನ್ಫಿಲಿಪ್ಪೊ 2009ರಲ್ಲಿ ರಚಿಸಿದ ರೆಡಿಸ್ ಮೂರು ಆಯ್ಕೆಗಳನ್ನು ಮುಂದಿಡುತ್ತದೆ: ಪ್ರತಿ ಬರಹಕ್ಕೂ ಎಫ್‌ಸಿಂಕ್, ಸೆಕೆಂಡಿಗೊಮ್ಮೆ ಎಫ್‌ಸಿಂಕ್, ಅಥವಾ ಎಲ್ಲವನ್ನೂ ಕಾರ್ಯಾಚರಣ ವ್ಯವಸ್ಥೆಯ ಇಚ್ಛೆಗೆ ಬಿಡುವುದು. ನಡುವಿನದನ್ನು ಆರಿಸಿದವನಿಗೆ, ಕೆಟ್ಟ ಗಳಿಗೆಯಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡಿನ ಕೆಲಸವು ಹೋಗಬಹುದೆಂಬುದು ಮುಂಚಿತವಾಗಿಯೇ ಗೊತ್ತು.

ಪೋಸ್ಟ್‌ಗ್ರೆಸ್ಸಿನಲ್ಲಿ ಇನ್ನೂ ಸೂಕ್ಷ್ಮವಾದ ಏರ್ಪಾಡುಂಟು. ಒಂದೊಂದು ವ್ಯವಹಾರವೂ ತಾನು ಡಿಸ್ಕಿಗಾಗಿ ಕಾಯಬೇಕೆ, ಕಾಯದೆ ಮುಂದೆ ಹೋಗಬಹುದೆ ಎಂಬುದನ್ನು ತಾನೇ ಹೇಳಬಹುದು. ಕಾಯದೆ ಹೋದ ವ್ಯವಹಾರಗಳಲ್ಲಿ ಕೊನೆಯ ಕೆಲವು ಕುಸಿತದಲ್ಲಿ ಕಳೆದುಹೋಗಬಹುದು. ಆದರೆ ಕ್ರಮವು ಕೆಡುವುದಿಲ್ಲ, ಉಳಿದ ಲೆಕ್ಕವು ಅಸ್ತವ್ಯಸ್ತವಾಗುವುದಿಲ್ಲ. 2009ರ ಆ ತಂತ್ರಾಂಶಗಳಿಗೆ ದೊರೆಯದೆ ಹೋದುದು ಈ ಬಗೆಯ ಆಯ್ಕೆಯೇ: ತಡವಾದರೂ ಸರಿ, ಕೆಡಬಾರದು ಎಂದು ಹೇಳುವ ಅವಕಾಶ.

ವಿದ್ಯುತ್ತಿನ ವಿಷಯದಲ್ಲಿ ನಮಗೆ ಇರುವ ಸ್ವಾತಂತ್ರ್ಯ ಸ್ವಲ್ಪ. ಯುಪಿಎಸ್ ಕೊಂಡವನೂ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಕುಸಿಯುವುದನ್ನು ತಡೆಯಲಾರನು. ಆದರೆ ಯಾವ ಬರಹಕ್ಕೆ ಎಷ್ಟು ಸೆಕೆಂಡುಗಳ ನಷ್ಟವನ್ನು ಸಹಿಸಬಲ್ಲೆವೆಂಬುದನ್ನು ಮೊದಲೇ ನಿಷ್ಕರ್ಷಿಸುವ ಸ್ವಾತಂತ್ರ್ಯವು ನಮ್ಮದು. ತಂತ್ರಾಂಶವನ್ನು ಬರೆಯುವವನು ಆ ಸಂಖ್ಯೆಯನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ನಮೂದಿಸಲಿ. ಕೊಳ್ಳುವ ಕಚೇರಿಯು ಟೆಂಡರಿನಲ್ಲಿ ಅದನ್ನೊಂದು ಪ್ರಶ್ನೆಯಾಗಿ ಸೇರಿಸಲಿ. ಉತ್ತರವು ಬಂದ ಮೇಲೆ, ಪರೀಕ್ಷೆಯ ಯಂತ್ರವೊಂದರ ತಂತಿಯನ್ನು ಕೆಲಸದ ನಡುವೆಯೇ ಕಿತ್ತು, ಆ ಉತ್ತರವು ನಿಜವೋ ಎಂದು ನೋಡಲಿ. ತಂತಿಯನ್ನು ಕೀಳುವ ಧೈರ್ಯವಿಲ್ಲದ ಕಡೆಯಲ್ಲಿ ‘ಉಳಿಸಲಾಯಿತು’ ಎಂಬ ಮಾತನ್ನು ಊಹೆಯೆಂದೇ ಎಣಿಸತಕ್ಕದ್ದು.